ಬೆಂಕಿ ಆರಿದ ಮೇಲಿನ ಕೆಲಸ: ನನ್ನ ಅನುಭವ

ಕಾಡ್ಗಿಚ್ಚು ನಮ್ಮ ವಠಾರಕ್ಕೇ ನುಗ್ಗಿ ಮನೆಗಳನ್ನು ಸುಟ್ಟ ಮೇಲೆ, ಜನರನ್ನು ಮತ್ತೆ ಒಂದು ಕಡೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ನೇಮಿಸಿದ್ದಲ್ಲ. ಯಾರಾದರೂ ಮಾಡಬೇಕಿತ್ತು, ನಾನು ಮಾಡಿದೆ. ಇಂಥದ್ದೇ ಕಷ್ಟದಲ್ಲಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾವು ಮೊದಲು ಶುರು ಮಾಡಿದ್ದು ವಾರದ ಸಭೆ. ಒಂದೇ ಜಾಗ, ಒಂದೇ ದಿನ, ಒಂದೇ ಹೊತ್ತು. ಮನೆ ಹೋದವರು ನೆಂಟರ ಮನೆ, ಬಾಡಿಗೆ ಕೋಣೆ, ಟೆಂಟ್ ಅಂತ ಚದುರಿಹೋಗಿದ್ದರು. ನಿನ್ನೆಯವರೆಗೆ ಬೇಲಿಯಾಚೆ ಮಾತಾಡುತ್ತಿದ್ದವರು ಈಗ ಎಲ್ಲಿದ್ದಾರೆ ಅನ್ನುವುದೇ ಗೊತ್ತಿಲ್ಲ. ಮಾತಾಡಲು ವಿಷಯ ಇಲ್ಲದ ವಾರವೂ ಸಭೆ ನಿಲ್ಲಿಸಲಿಲ್ಲ. ಸುಮ್ನೆ ಬಂದು ಕೂತು ಹೋಗುವವರಿಗೂ ಅದು ಬೇಕಿತ್ತು. ಪಕ್ಕದಲ್ಲೇ ಒಂದು ಬೋರ್ಡ್ ಇಟ್ಟೆವು. ಹಾಕುವ ಪ್ರತಿ ಚೀಟಿಯ ಮೇಲೂ ತಾರೀಕು ಮತ್ತು ಆ ಮಾತು ಹೇಳಿದವರು ಯಾರು ಅನ್ನುವುದು ಇರಬೇಕು. ಹಳತಾದ ಚೀಟಿಯನ್ನು ಅವತ್ತೇ ಕಿತ್ತು ಹಾಕುತ್ತಿದ್ದೆವು. ಗಾಳಿಸುದ್ದಿ ಕಡಿಮೆಯಾಗಿದ್ದು ಇದರಿಂದಲೇ.

ನೀರಿನ ವಿಷಯದಲ್ಲಿ ಗಾಳಿಸುದ್ದಿ ಜಾಸ್ತಿ ಇತ್ತು. 'ಕುದಿಸಿ ಕುಡಿದರೆ ಸಾಕು' ಅಂತ ಎಲ್ಲರೂ ಹೇಳುತ್ತಿದ್ದರು. ಸಾಲದು. ಬೆಂಕಿಯ ಸಮಯದಲ್ಲಿ ಪೈಪ್‌ಗಳಲ್ಲಿ ನೀರಿನ ಒತ್ತಡ ಇಳಿದರೆ ಅವು ಹೊಗೆಯನ್ನು ಒಳಗೆ ಎಳೆದುಕೊಳ್ಳಬಹುದು, ಪ್ಲಾಸ್ಟಿಕ್ ಪೈಪ್ ಕಾದು ಬೆಂಜೀನ್‌ನಂಥ ವಿಷ ನೀರಿಗೆ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಾಂಟಾ ರೋಸಾ, 2018ರಲ್ಲಿ ಪ್ಯಾರಡೈಸ್ ಊರಿನ ನೀರಿನಲ್ಲಿ ಇದು ಸಿಕ್ಕಿತ್ತು. ಕುದಿಸಿದರೆ ಬೆಂಜೀನ್ ಆವಿಯಾಗಿ ನಾವು ಉಸಿರಾಡುವ ಗಾಳಿಗೇ ಬರುತ್ತದೆ. ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಹೊರಗಿನಿಂದ ತಂದ ನೀರನ್ನೇ ಬಳಸಿದೆವು. ಫಲಿತಾಂಶದ ಹಾಳೆಯನ್ನು ಇದ್ದ ಹಾಗೇ ಬೋರ್ಡಿಗೆ ಅಂಟಿಸಿದೆವು.

ಇನ್ನು ಬೂದಿ. ಮನೆ ಸುಟ್ಟ ಬೂದಿಯೇ ಬೇರೆ, ಕಟ್ಟಿಗೆ ಸುಟ್ಟ ಬೂದಿಯೇ ಬೇರೆ. ಸೀಸ, ಆರ್ಸೆನಿಕ್, ಹಳೇ ಮನೆಯಾದರೆ ಆಸ್ಬೆಸ್ಟಾಸ್ ಕೂಡ ಅದರಲ್ಲಿರಬಹುದು. ಹಾಗಾಗಿ ಒಳಗೆ ಹೋಗಲು ಅನುಮತಿ ಸಿಕ್ಕ ಮೇಲೂ ಎನ್95 ಮಾಸ್ಕ್, ಗ್ಲೌಸ್, ಉದ್ದ ತೋಳಿನ ಅಂಗಿ, ದಪ್ಪ ಬೂಟು ಇಲ್ಲದೆ ಯಾರನ್ನೂ ಬಿಡಲಿಲ್ಲ. ಬೂದಿ ಏಳದ ಹಾಗೆ ಮೊದಲು ನೀರು ಚಿಮುಕಿಸಿ, ಆಮೇಲೆ ಸಲಿಕೆಯಲ್ಲಿ ಸ್ವಲ್ಪ ಸ್ವಲ್ಪ ಎತ್ತಿ ಜರಡಿಗೆ ಹಾಕುತ್ತಿದ್ದೆವು. ಎಲ್ಲಿ ಹುಡುಕಬೇಕು ಅನ್ನುವುದನ್ನು ಮನೆಯವರೇ ಹೇಳಬೇಕು: ಇಲ್ಲಿ ಬೀರು ಇತ್ತು, ಇಲ್ಲಿ ಮಂಚ. ನಿಂತಿದ್ದ ಕಾರುಗಳ ಅಲ್ಯೂಮಿನಿಯಂ ಚಕ್ರ ಕರಗಿ ನೆಲದ ಮೇಲೆ ಬೆಳ್ಳಿಯ ತೊರೆಯ ಹಾಗೆ ಹರಿದು ಗಟ್ಟಿಯಾಗಿತ್ತು. ಆ ಲೋಹ ಕರಗುವುದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂಥ ಶಾಖದಲ್ಲೂ ಪಿಂಗಾಣಿ ಉಳಿಯುತ್ತದೆ, ಅದು ಗೂಡಿನ ಬೆಂಕಿಯಲ್ಲಿ ಬೆಂದೇ ಬಂದದ್ದು ತಾನೇ. ಒಬ್ಬ ಅಜ್ಜಿಗೆ ಸಿಕ್ಕಿದ್ದು ಹಿಡಿ ಮುರಿದ ಒಂದು ಪಿಂಗಾಣಿ ಕಪ್. ಗ್ಲೌಸ್ ಹಾಕಿದ ಹೆಬ್ಬೆರಳಿನಿಂದ ಅದರ ಅಂಚನ್ನು ಉಜ್ಜುತ್ತಾ ತುಂಬಾ ಹೊತ್ತು ಕೂತರು. ನಾವು ಯಾರೂ ಅವಸರ ಮಾಡಲಿಲ್ಲ. ಯಾವುದು ಬೆಲೆಯುಳ್ಳದ್ದು, ಯಾವುದು ಕಸ ಅಂತ ಬೇರೆಯವರು ಹೇಳಲೇಬಾರದು.

ವಿಮೆ ಇದ್ದವರಿಗೆ ಮನೆಯಲ್ಲಿ ಏನೇನಿತ್ತು ಅಂತ ಪಟ್ಟಿ ಕೊಡುವುದು ದೊಡ್ಡ ಹಿಂಸೆ. ಒಬ್ಬರೇ ಕೂತರೆ ಕೈ ಓಡುವುದಿಲ್ಲ. ಜೊತೆಗೆ ಒಬ್ಬ ನೆರೆಯವರನ್ನು ಕೂರಿಸಿ, ಒಂದೊಂದೇ ಕೋಣೆಯ ಬಾಗಿಲು ತೆರೆದು ಒಳಗೆ ಹೋದ ಹಾಗೆ ನೆನಪಿಸಿಕೊಳ್ಳಿ ಅಂತ ಹೇಳಿದೆವು. ಹುಟ್ಟುಹಬ್ಬಕ್ಕೆ ಬಂದವರ ಫೋನಿನಲ್ಲಿ ಆ ಮನೆಯ ಫೋಟೊ ಇರುತ್ತದೆ ಅಲ್ವಾ? ಅದರ ಹಿನ್ನೆಲೆಯಲ್ಲಿ ಕಪಾಟು, ಟಿವಿ, ಪುಸ್ತಕ ಎಲ್ಲಾ ಕಾಣುತ್ತದೆ. ಮಗುವಿನ ಮೊದಲ ಹೆಜ್ಜೆಯ ಫೋಟೊ ಪಕ್ಕದ ಮನೆಯವರ ಫೋನಿನಲ್ಲಿ ಸಿಕ್ಕಾಗ, ವಿಮೆಯ ಮಾತೇ ಮರೆತು ಅತ್ತವರಿದ್ದಾರೆ.

ನನಗೆ ಎಲ್ಲಕ್ಕಿಂತ ಕಷ್ಟ ಅನಿಸಿದ್ದು ಮನೆ ಉಳಿದವರ ವಿಷಯ. ಅವರು ಸಭೆಗೇ ಬರುತ್ತಿರಲಿಲ್ಲ. 'ನಮ್ಮದು ಉಳಿಯಿತು, ಯಾವ ಮುಖ ಇಟ್ಟುಕೊಂಡು ಬರಲಿ' ಅನ್ನುವ ಸಂಕೋಚ. ಕರೆದರೆ ಬರಲಿಲ್ಲ, ಕೆಲಸ ಕೊಟ್ಟಾಗ ಬಂದರು. ಒಬ್ಬರ ಮನೆ ಬಟ್ಟೆ ಒಗೆಯುವ ಜಾಗವಾಯಿತು, ಇನ್ನೊಬ್ಬರ ಶೆಡ್ ಸಾಮಾನಿಡುವ ಗೋದಾಮು. ಬಾಡಿಗೆಗೆ ಇದ್ದವರು ಇನ್ನೊಂದು ಗುಂಪು. ಅವರ ಹೆಸರಲ್ಲಿ ಜಾಗ ಇಲ್ಲ ಅಂತ ಎಲ್ಲ ಪಟ್ಟಿಯಿಂದಲೂ ಬಿಟ್ಟುಹೋಗುತ್ತಾರೆ. ಅದು ಅನ್ಯಾಯ. ಅವರ ಬದುಕೂ ಇಲ್ಲೇ ಸುಟ್ಟಿತ್ತು. ನಮ್ಮ ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲೇ ಬರೆದೆವು. ಊರು ಬಿಟ್ಟು ಹೋಗುತ್ತೇವೆ ಅಂದವರ ಜೊತೆ ವಾದ ಮಾಡಲಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿಯ ಬೆಂಕಿ 173 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಬದುಕುಳಿದವರ ಬಗ್ಗೆ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಹಲವು ವರ್ಷ ಅಧ್ಯಯನ ಮಾಡಿದರು. ಊರಿನ ಸಂಘ, ಗುಂಪುಗಳಲ್ಲಿ ಇದ್ದವರು ಮಾನಸಿಕವಾಗಿ ಹೆಚ್ಚು ಚೇತರಿಸಿಕೊಂಡಿದ್ದರು ಅಂತ ಅದರಲ್ಲಿ ಕಂಡುಬಂತು. ನಾವು ಕಣ್ಣಾರೆ ನೋಡಿದ್ದೂ ಅದನ್ನೇ. ಹಾಗಂತ ನಿದ್ದೆಯೇ ಬಾರದವರಿಗೆ ಸಭೆಯೇ ಔಷಧಿ ಅನ್ನಲಿಲ್ಲ, ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿದೆವು.

ಮಳೆಗಾಲಕ್ಕೆ ಮುಂಚೆ ಇಳಿಜಾರು ನೋಡಿಕೊಳ್ಳಲೇಬೇಕು. ಜೋರಾಗಿ ಸುಟ್ಟ ಮಣ್ಣಿನೊಳಗೆ ಮೇಣದಂಥ ಪದರ ಕಟ್ಟುತ್ತದೆ, ನೀರು ಇಂಗುವುದಿಲ್ಲ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆಸಿಟೊದಲ್ಲಿ ಹೀಗೇ ಬೆಂಕಿಯ ಬೆನ್ನಲ್ಲೇ ಮಳೆ ಬಿದ್ದು, ಕೆಸರು ನುಗ್ಗಿ 20ಕ್ಕೂ ಹೆಚ್ಚು ಜನ ಸತ್ತರು. ನಾವು ಹುಲ್ಲು ತುಂಬಿದ ಉದ್ದ ಸುರುಳಿಗಳನ್ನು ಇಳಿಜಾರಿಗೆ ಅಡ್ಡವಾಗಿ ಹೂತು ಗೂಟ ಹೊಡೆದೆವು. ಮಕ್ಕಳೂ ಬಂದು ಕೈ ಹಾಕಿದರು.

ಈಗ ಸಭೆಯಲ್ಲಿ ಹೆಚ್ಚು ಹೊತ್ತು ಹೋಗುವುದು ಹೊಸ ಮನೆಗಳ ಮಾತಿಗೆ. ಎಷ್ಟೋ ಮನೆಗಳು ಸುಟ್ಟಿದ್ದು ಹಾರಿ ಬಂದ ಕೆಂಡದ ಚೂರಿನಿಂದ. ಅದಕ್ಕೇ ಗಾಳಿಕಿಂಡಿಗಳಿಗೆ 3 ಮಿಲಿಮೀಟರ್‌ಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ, ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಗಿಡ, ಸೌದೆ ಏನೂ ಇಲ್ಲದ ಜಾಗ ಅಂತ ತೀರ್ಮಾನ ಮಾಡಿದ್ದೇವೆ. ಬೋರ್ಡಿನ ಮೇಲೆ ಒಂದು ಪಟ್ಟಿಯೂ ಇದೆ: ಕಾರಿಲ್ಲದವರು, ನಡೆಯಲಾಗದವರು, ಒಬ್ಬರೇ ಇರುವವರು, ಮುಂದಿನ ಸಲ ಅವರನ್ನು ಕರೆದುಕೊಂಡು ಹೊರಡುವವರು ಯಾರು ಅಂತ. ಯಾರಾದರೂ ಊರು ಬಿಟ್ಟರೆ, ಅವರ ಬದಲಿಗೆ ಇನ್ನೊಬ್ಬರ ಹೆಸರನ್ನು ಆ ವಾರವೇ ಬರೆಯುತ್ತೇವೆ.