ಒಂದು ಒಲೆ, ಒಂದು ಪಿಎನ್‌ಆರ್: ಬಾಲಿಯ ಬೂದಿಯಿಂದ ಗುಂಪು ಬಿಡಿಸಿಕೊಂಡು ಬಂದದ್ದು

ಮೈಸೂರಿನ ಟ್ರಾವೆಲ್ಸ್ ಮಂದಿ ನನಗೆ ಇಟ್ಟಿರುವ ಅಡ್ಡಹೆಸರು ‘ಸುರಬಾಯ’. ಯಾಕೆ ಅಂತ ಮುಂದೆ ಹೇಳುತ್ತೇನೆ, ಅದು ಮರ್ಯಾದೆಯ ಹೆಸರಲ್ಲ. ಆದರೆ 2025ರ ಜೂನ್‌ನಲ್ಲಿ ಜ್ವಾಲಾಮುಖಿ ಬೂದಿಯಿಂದ ಬಾಲಿಯ ವಿಮಾನಗಳು ರದ್ದಾದಾಗ 18ಕ್ಕೆ ಹೊರಡಬೇಕಿದ್ದ ನನ್ನ 26 ಜನ ಹೆಚ್ಚೆಂದರೆ ಎರಡು ದಿನ ತಡವಾಗಿ ಮನೆ ಸೇರಿದರು. ಅದೇ ಹೊತ್ತಿಗೆ ಅಲ್ಲಿದ್ದ ಇನ್ನೊಬ್ಬರ ನಲವತ್ತು ಜನರ ಗುಂಪು ಬಂದದ್ದು 23ಕ್ಕೋ 24ಕ್ಕೋ. ಹಾಗಾಗಿ ಈಗ ಬರೆಯುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ನನ್ನ ಕಚೇರಿ ಸರಸ್ವತಿಪುರಂನಲ್ಲಿ. ಗಿರಾಕಿಗಳು ಮುಕ್ಕಾಲು ಪಾಲು ಮಂಡ್ಯ, ಪಾಂಡವಪುರ, ಮದ್ದೂರು ಕಡೆಯವರು. ಕಬ್ಬಿನ ದುಡ್ಡು ಕೈಗೆ ಬಂದವರು, ರಿಟೈರ್ ಆದ ಮೇಷ್ಟ್ರುಗಳು, ಮಗಳ ಮದುವೆ ಮುಗಿಸಿ ಉಸಿರು ಬಿಟ್ಟವರು. ಮೊದಲ ಫಾರಿನ್ ಅಂದರೆ ಇವರಿಗೆ ಬಾಲಿ. ಗುಡಿಗಳಿವೆ, ಭತ್ತದ ಗದ್ದೆಗಳಿವೆ, ತೆಂಗಿನ ಮರಗಳಿವೆ. “ನಮ್ಮೂರಂಗೇ ಅದೆ, ಸುಮ್ಕೆ ದುಡ್ಡು ಹಾಕ್ದೆ” ಅಂತ ಒಬ್ಬರು ಬೈದದ್ದೂ ಉಂಟು.

ಬೂದಿಯ ಪರಿಚಯ ನನಗೆ 2010ರಿಂದ. ಆಗ ಬೇರೊಬ್ಬರ ಆಫೀಸಿನಲ್ಲಿ ಟಿಕೆಟ್ ಹುಡುಗ. ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಪರ್ವತ ಸಿಡಿದು ಯೂರೋಪಿನ ಆಕಾಶ ಸುಮಾರು ಒಂದು ವಾರ ಮುಚ್ಚಿತ್ತು, ಲಕ್ಷದಷ್ಟು ವಿಮಾನ ರದ್ದು. ಪರ್ವತದ ಹೆಸರು ಹೇಳಲು ನಮ್ಮಲ್ಲಿ ಯಾರ ನಾಲಿಗೆಯೂ ಹೊರಳಲಿಲ್ಲ. ‘ಅಯ್ಯೋ ಪರ್ವತ’ ಅಂತ ಕರೆಯುತ್ತಿದ್ದೆವು. ಲಂಡನ್ನಿನ ಮಗಳ ಮನೆಯಿಂದ ಹಿಂತಿರುಗಬೇಕಿದ್ದ ಕುವೆಂಪುನಗರದ ದಂಪತಿಗೆ ದಿನಕ್ಕೆ ಹತ್ತು ಸಲ “ಇವತ್ತೂ ಇಲ್ಲ ಸಾರ್” ಅನ್ನುವುದೇ ನನ್ನ ಕೆಲಸವಾಗಿತ್ತು. ಅವರಿಗೇನು, ಮಗಳ ಮನೆ. ಹೋಟೆಲಿನಲ್ಲಿ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಆಗ ಯೋಚಿಸಲಿಲ್ಲ.

ಏನಾಗುತ್ತದೆ ಅಂತ 2017ರ ನವೆಂಬರ್‌ನಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಸ್ವಂತ ಬೋರ್ಡು ಹಾಕಿದ್ದೆ. 28 ಜನರ ಜೊತೆ ನಾನೇ ಬಾಲಿಯಲ್ಲಿದ್ದೆ. ಬಾಲಿಯ ಆಗುಂಗ್ ಪರ್ವತ ಎದ್ದು ಕೂತಿತು. 27ರ ಬೆಳಿಗ್ಗೆ ಮುಚ್ಚಿದ ವಿಮಾನ ನಿಲ್ದಾಣ 29ರ ಮಧ್ಯಾಹ್ನ ತೆರೆಯಿತು. ನಿಲ್ದಾಣ ತೆರೆದ ಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಆಗ ಬೆಂಗಳೂರಿಗೆ ನೇರ ವಿಮಾನವಿರಲಿಲ್ಲ, ನಮ್ಮದು ಕೌಲಾಲಂಪುರದ ಮೇಲೆ. ಕೌಂಟರಿನ ಹುಡುಗಿ ಹೇಳಿದಳು: ನಾಳೆ ಆರು ಸೀಟಿದೆ, ನಾಡಿದ್ದು ಒಂಬತ್ತು, 28 ಒಟ್ಟಿಗೆ ಬೇಕಾದರೆ ನಾಲ್ಕು ದಿನ ಕಾಯಿರಿ. ಆರು ಜನರನ್ನು ಕಳಿಸೋಣ ಅಂದರೆ ಎಲ್ಲರೂ ಒಂದೇ ಗುಂಪು ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್ ನಂಬರು. ಒಡೆಯಲು ವಿಮಾನ ಕಂಪನಿಯ ಬೆಂಗಳೂರಿನ ಗ್ರೂಪ್ ಡೆಸ್ಕೇ ಬೇಕು. ಆ ಡೆಸ್ಕಿನ ಫೋನು ಎರಡು ದಿನ ಎಂಗೇಜ್. ಅವರು ಎತ್ತುವ ಹೊತ್ತಿಗೆ ಆ ಆರೂ ಸೀಟು ಯಾರದೋ ಪಾಲಾಗಿದ್ದವು.

ಹೋಟೆಲು, ಊಟ, ಬಸ್ಸು, ಇಬ್ಬರಿಗೆ ಶುಗರ್ ಮಾತ್ರೆ ಮುಗಿದು ಅದಕ್ಕೆ ಅಲೆದಾಟ, ಎಲ್ಲ ಸೇರಿ ನನ್ನ ಕೈಯಿಂದ ಮೂರೂವರೆ ಲಕ್ಷದ ಆಸುಪಾಸು ಹೋಯಿತು. ಮಂಡ್ಯದ ಒಬ್ಬ ಯಜಮಾನರು ದಿನಾ ಬೆಳಿಗ್ಗೆ ಬಂದು, “ಹಸ ಕರ್ಯೋರಿಲ್ಲ ಕನಣ್ಣ, ಡೈರೀಗ್ ಹಾಲ್ ಹಾಕೋರಿಲ್ಲ” ಅನ್ನುತ್ತಿದ್ದರು. ಆ ಹಸುವಿನ ಶಾಪವೇ ನನಗೆ ತಟ್ಟಿರಬೇಕು. ಹೆಂಡತಿಯ ಬಳೆ ಆ ವರ್ಷ ಬ್ಯಾಂಕಿನಲ್ಲಿತ್ತು.

ಇನ್ನು ಸುರಬಾಯ. 2024ರ ನವೆಂಬರ್. ಈ ಸಲ ಸಿಡಿದದ್ದು ಲೆವೊಟೊಬಿ ಪರ್ವತ, ಫ್ಲೋರೆಸ್ ದ್ವೀಪದ್ದು. ಬಾಲಿಯಿಂದ ಸುಮಾರು 800 ಕಿಲೋಮೀಟರ್ ಪೂರ್ವಕ್ಕೆ. ಅಷ್ಟು ದೂರದ ಬೆಟ್ಟಕ್ಕೂ ನಮ್ಮ ವಿಮಾನಕ್ಕೂ ಏನು ಸಂಬಂಧ ಅಂತ ಗಿರಾಕಿಗಳು ಕೇಳುತ್ತಾರೆ. ಭೂಪಟದ ಮೇಲೆ ಗೆರೆ ಎಳೆದರೆ ಮಂಡ್ಯದಿಂದ ಮುಂಬೈಗೆ ಇರುವಷ್ಟು ದೂರ, ಆದರೆ ಗಾಳಿ ಪೂರ್ವದಿಂದ ಬೀಸಿದರೆ ಬೂದಿ ನೇರ ಬಾಲಿಗೇ. ನನ್ನ 18 ಜನರ ಜೊತೆ ಅಕ್ಕನ ಮಗ ಹೋಗಿದ್ದ. ವಿಮಾನ ರದ್ದು ಅಂತ ಮೆಸೇಜು ಬಂದ ಕೂಡಲೇ ನನ್ನ ತಲೆಯಲ್ಲಿ 2017 ಓಡಿತು. ಕಾಯಬೇಡ, ಬಸ್ಸು ಹತ್ತಿಸು ಅಂದೆ. ಬಾಲಿಯ ಕುಟಾದಿಂದ ಗಿಲಿಮಾನುಕ್ ಬಂದರು, ಅಲ್ಲಿಂದ ಜಲಸಂಧಿ ದಾಟಿ ಜಾವಾದ ಬಾನ್ಯುವಾಂಗಿ, ಅಲ್ಲಿಂದ ವಿಮಾನ ನಿಲ್ದಾಣವಿರುವ ಸುರಬಾಯ ನಗರ. ಹದಿನಾಲ್ಕು ಹದಿನೈದು ಗಂಟೆ. ಇಬ್ಬರು ಹೆಂಗಸರು ಫೆರಿಯಲ್ಲಿ ವಾಂತಿ. ಸುರಬಾಯದಿಂದ ಹೊಸ ಟಿಕೆಟ್, ತಲೆಗೆ 24 ಸಾವಿರದ ಹತ್ತಿರ. ಲೆಕ್ಕ ನೀವೇ ಹಾಕಿಕೊಳ್ಳಿ.

ಇವರು ಸುರಬಾಯದ ನಿಲ್ದಾಣದಲ್ಲಿ ಕಾಲು ಚಾಚಿ ಕೂತಿದ್ದ ಹೊತ್ತಿಗೆ ಬಾಲಿಯಿಂದ ವಿಮಾನಗಳು ಏಳತೊಡಗಿದ್ದವು. ಹೋಟೆಲಿನಲ್ಲೇ ಮಲಗಿದ್ದ ಬೇರೆ ಗುಂಪುಗಳು ನಮಗಿಂತ ಮೊದಲೇ ದೇವನಹಳ್ಳಿಯಲ್ಲಿ ಇಳಿದವು. ರದ್ದಾದ ಟಿಕೆಟಿನ ಹಣ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ಅವತ್ತಿನಿಂದ ನಾನು ಸುರಬಾಯ.

ತಪ್ಪಾದದ್ದು ಬುಲೆಟಿನ್ ಓದುವುದರಲ್ಲಿ. ಆ ಕಡೆಯ ಬೂದಿಯ ಮೇಲೆ ಕಣ್ಣಿಟ್ಟಿರುವುದು ಆಸ್ಟ್ರೇಲಿಯಾದ ಡಾರ್ವಿನ್ ಕೇಂದ್ರ. ಆರಾರು ಗಂಟೆಗೊಮ್ಮೆ ಹೊಸ ಬುಲೆಟಿನ್ ಹಾಕುತ್ತಾರೆ, ಯಾರು ಬೇಕಾದರೂ ನೋಡಬಹುದು. ನಾನು ನೋಡಿದ್ದು ಈಗ ಬೂದಿ ಎಲ್ಲಿದೆ ಅನ್ನುವ ಮೊದಲ ಸಾಲು. ಕೆಳಗೆ 6, 12, 18 ಗಂಟೆ ಮುಂದಕ್ಕೆ ಎಲ್ಲಿರುತ್ತದೆ ಅನ್ನುವ ಸಾಲುಗಳಿರುತ್ತವೆ, ಅವುಗಳ ತನಕ ಕಣ್ಣು ಹೋಗಲಿಲ್ಲ. ಎತ್ತರವನ್ನೂ ನೋಡಬೇಕು. 450 ಅಂತಿದ್ದರೆ 45 ಸಾವಿರ ಅಡಿ. ಮೇಲಿನ ಬೂದಿ ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ಹೋಗುವುದೂ ಉಂಟು. ಈಗ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ ಬರೆದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕೆ ಬೂದಿ ಪಂಚಾಂಗ ಅಂತ ಹೆಸರು.

ಆದರೆ ಪಂಚಾಂಗ ಓದಿದರೆ ಓಡಬೇಕೋ ಕೂರಬೇಕೋ ಗೊತ್ತಾಗುತ್ತದೆ, ಸೀಟು ಸಿಗುವುದಿಲ್ಲ. ಅದಕ್ಕೆ 2017ರ ಆ ಆರು ಸೀಟಿಗೇ ವಾಪಸ್ ಬಂದೆ. ಗುಂಪು ದರವೇ ಬೇಡ, ಎಲ್ಲರಿಗೂ ಮಾಮೂಲಿ ಟಿಕೆಟ್, ಐದಕ್ಕಿಂತ ಹೆಚ್ಚು ಜನ ಒಂದು ಪಿಎನ್‌ಆರ್‌ನಲ್ಲಿ ಇರಬಾರದು ಅಂತ ತೀರ್ಮಾನಿಸಿದೆ. ಅರಸು ರಸ್ತೆಯ ಕಾಫಿ ಕೂಟದಲ್ಲಿ ಹೇಳಿದಾಗ ಟ್ರಾವೆಲ್ಸ್ ಮಂದಿ ನಕ್ಕರು. ತಲೆಗೆ ಸಾವಿರದ ಎಂಟುನೂರು, ಎರಡು ಸಾವಿರ ಹೆಚ್ಚು ಬೀಳುತ್ತೆ, ಹೆಸರು ಬದಲಾಯಿಸುವ ಸೌಲಭ್ಯ ಹೋಗುತ್ತೆ, ಅಡ್ವಾನ್ಸ್ ಕೊಟ್ಟು ಸೀಟು ಹಿಡಿಯೋಕಾಗಲ್ಲ, ವರ್ಷಕ್ಕೊಮ್ಮೆ ಬರೋ ಬೂದಿಗೆ ವರ್ಷವಿಡೀ ದಂಡ ಕಟ್ತೀಯಾ ಅಂದರು. ಲೆಕ್ಕ ಅವರದೂ ಸರಿಯೇ.

ಮೊದಲ ಪ್ರಯತ್ನ 2025ರ ಮಾರ್ಚ್, 14 ಜನ. ಅವಸರದಲ್ಲಿ ಪಟ್ಟಿಯನ್ನು ಹೆಸರಿನ ಮೊದಲ ಅಕ್ಷರದ ಮೇಲೆ ಕತ್ತರಿಸಿದೆ. ಅದೇ ವಾರ ಲೆವೊಟೊಬಿ ಮತ್ತೆ ಸಿಡಿದು ಕೌಲಾಲಂಪುರದ ವಿಮಾನ ರದ್ದಾಯಿತು. ಸೀಟುಗಳೇನೋ ಬೇಗ ಸಿಕ್ಕವು. ಆದರೆ ಅತ್ತೆ ಒಂದು ವಿಮಾನ, ಸೊಸೆ ಒಂದು ವಿಮಾನ. ಅತ್ತೆಯ ಮಾತ್ರೆ ಸೊಸೆಯ ಬ್ಯಾಗಿನಲ್ಲಿ. ಗಂಡ ಯಾರ ಜೊತೆ ಹೋಗಬೇಕು ಅನ್ನುವುದರ ಮೇಲೆ ಬಾಲಿಯ ಲಾಬಿಯಲ್ಲಿ ಆದ ಜಗಳ ಮಂಡ್ಯಕ್ಕೆ ಬಂದ ಮೇಲೂ ಮುಗಿದಿಲ್ಲ.

ಆಮೇಲೆ ಹೊಳೆದದ್ದು ಒಲೆ. ಒಂದೇ ಒಲೆಯಲ್ಲಿ ಉಣ್ಣುವವರು ಒಂದೇ ಪಿಎನ್‌ಆರ್. ಮೂರೇ ಜನ ಇದ್ದರೆ ಪಕ್ಕದ ಮನೆಯವರನ್ನು ಸೇರಿಸುತ್ತೇನೆ, ಅವರಿಬ್ಬರ ನಡುವೆ ಗದ್ದೆ ಬದುವಿನ ತಕರಾರು ಇಲ್ಲ ಅಂತ ಮೊದಲು ವಿಚಾರಿಸಿಕೊಂಡು. ಪ್ರತಿ ಒಲೆಗೂ ಒಬ್ಬ ಮೇಸ್ತ್ರಿ: ವಾಟ್ಸಾಪ್ ನೋಡಬಲ್ಲ, ನಾಲ್ಕು ಮಾತು ಇಂಗ್ಲಿಷ್ ಆಡಬಲ್ಲ ಒಬ್ಬರು. ಬಹಳ ಸಲ ಅದು ಕಾಲೇಜು ಓದುವ ಮೊಮ್ಮಗಳು. ಪ್ರತಿ ಒಲೆಯ ಚೀಲದಲ್ಲೂ ನಾಲ್ಕು ದಿನದ ಹೆಚ್ಚುವರಿ ಮಾತ್ರೆ, ಅವಲಕ್ಕಿ, ಚಟ್ನಿಪುಡಿ. ಹೊರಡುವ ಮೊದಲೇ ಪಟ್ಟಿ ಮಾಡಿಡುತ್ತೇನೆ, ಸೀಟು ಕಡಿಮೆಯಿದ್ದರೆ ಮೊದಲು ಯಾವ ಒಲೆ, ಕೊನೆಗೆ ಯಾವುದು ಅಂತ. ಹಸು ಇರುವವರು ಯಾವಾಗಲೂ ಮೊದಲು. 2017ರ ಪಾಠ.

ಜೂನ್ 17ರ ಸಂಜೆ ಆರಕ್ಕೆ ಹತ್ತಿರ, ಅಲ್ಲಿಯ ಗಡಿಯಾರದಲ್ಲಿ, ಲೆವೊಟೊಬಿ ಸಿಡಿಯಿತು. ಬೂದಿ ಹತ್ತು ಕಿಲೋಮೀಟರ್ ದಾಟಿ ಮೇಲೆ ಹೋಗಿತ್ತು. ನಮ್ಮವರು 18ಕ್ಕೆ ಹೊರಡಬೇಕು. ನನ್ನ ಟೇಬಲ್ ಮೇಲೆ ಏಳು ಒಲೆಗಳ ಪಟ್ಟಿ. ರಾತ್ರಿಯ ಬುಲೆಟಿನ್‌ನ ಮುಂದಿನ ಸಾಲುಗಳನ್ನೂ ಈ ಸಲ ಓದಿದೆ. ಸುರಬಾಯದ ಮಾತೇ ಬೇಡ, ಕೂತೇ ಇರಿ ಅಂತ ಅಕ್ಕನ ಮಗನಿಗೆ ಹೇಳಿ ಹೋಟೆಲಿನವರ ಹತ್ತಿರ ಇನ್ನೊಂದು ರಾತ್ರಿಗೆ ಮಾತಾಡಿಸಿಬಿಟ್ಟೆ. ಬೆಳಗಾದ ಮೇಲೆ ಕೇಳಿದ್ದರೆ ಬಾಡಿಗೆ ಒಂದೂವರೆ ಪಟ್ಟು.

18ರಂದು ಬಾಲಿಗೆ ಬರುವ, ಹೋಗುವ ಹತ್ತಾರು ವಿಮಾನಗಳು ರದ್ದು. ದೆಹಲಿಯಿಂದ ಹೊರಟಿದ್ದ ವಿಮಾನವೊಂದು ಅರ್ಧ ದಾರಿಯಿಂದ ಹಿಂತಿರುಗಿತು. ನಮ್ಮದೂ ರದ್ದಾಯಿತು. ಕಾದದ್ದು ಅದಕ್ಕೇ: ಅವರಾಗಿ ರದ್ದು ಮಾಡಿದ ಮೇಲೆ ದುಡ್ಡಿಲ್ಲದೆ ದಿನಾಂಕ ಬದಲಾಯಿಸುತ್ತಾರೆ, ನಾವೇ ಮೊದಲು ಕೈಹಾಕಿದರೆ ದಂಡ. ಪರಿಹಾರದ ಆಸೆ ಬೇಡ, ಬೂದಿ ದೇವರ ಲೆಕ್ಕದಲ್ಲಿ ಹೋಗುತ್ತದೆ.

ಏಳೂ ಒಲೆಯ ಮೇಸ್ತ್ರಿಗಳು ಏಳು ಫೋನಿನಲ್ಲಿ ಕೂತರು, ಇಲ್ಲಿ ನಾನು, ನಮ್ಮ ಆಫೀಸಿನ ಹುಡುಗಿ. ಎಷ್ಟು ಹೊತ್ತಿಗೆ ಸೀಟುಗಳು ಮತ್ತೆ ತೆರೆಯುತ್ತವೆ ಅನ್ನುವುದು ನನಗೆ ಗೊತ್ತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ನಿದ್ದೆಗೆಟ್ಟು ಕಲಿತದ್ದು. 4, 4, 2 ಜನರ ಮೂರು ಒಲೆಗಳಿಗೆ 19ರ ಬೆಳಿಗ್ಗೆ ಕೌಲಾಲಂಪುರದ ಮೇಲೆ ಸಿಕ್ಕಿತು. 4, 3, 4ರ ಮೂರಕ್ಕೆ 19ರ ರಾತ್ರಿ. ಉಳಿದ ಐದು ಜನ 20ಕ್ಕೆ. ಒಟ್ಟಿಗೆ 26 ಸೀಟು ಕೇಳಿದ್ದರೆ ಸಿಗುತ್ತಿರಲಿಲ್ಲ, ನಾಲ್ಕು ಮೂಲೆಯಿಂದ ನಾಲ್ಕು ನಾಲ್ಕು ಸಿಕ್ಕವು.

ಸಿಂಗಪುರಕ್ಕಿಂತ ಕೌಲಾಲಂಪುರ ಯಾಕೆ ಅಂದರೆ, ಮಲೇಷಿಯಾಕ್ಕೆ ನಮ್ಮವರಿಗೆ ಈಗ ವೀಸಾ ಬೇಡ. ಲಗೇಜು ನಡುವೆ ಇಳಿದುಬಿಟ್ಟರೆ ಹೊರಗೆ ಹೋಗಿ ಎತ್ತಿಕೊಂಡು ಬರಬಹುದು. ಸಿಂಗಪುರದಲ್ಲಿ ಹಾಗೆ ಹೊರಗೆ ಕಾಲಿಡಲು ವೀಸಾ ಬೇಕು. ಮಲೇಷಿಯಾದ ಡಿಜಿಟಲ್ ಆಗಮನ ಕಾರ್ಡು ಮಾತ್ರ ತುಂಬಬೇಕು. ಮೊಮ್ಮಗಳು ಮೇಸ್ತ್ರಿಯಾಗಿದ್ದ ಒಲೆಯಲ್ಲಿ ಅದು ಐದು ನಿಮಿಷ, ಮೇಷ್ಟ್ರು ಮೇಸ್ತ್ರಿಯಾಗಿದ್ದ ಒಲೆಯಲ್ಲಿ ಒಂದೂವರೆ ಗಂಟೆ.

ಖರ್ಚು ಹೇಳಿಬಿಡುತ್ತೇನೆ. ಹೋಟೆಲಿಗೆ ನಲವತ್ತೈದು ಸಾವಿರದ ಆಸುಪಾಸು, ಊಟ ಹದಿನಾಲ್ಕು, ಬಾಲಿಯ ಗಾಡಿ ಮತ್ತೆ ದೇವನಹಳ್ಳಿಯಿಂದ ಮಂಡ್ಯಕ್ಕೆ ಮೂರು ಸಲ ಟೆಂಪೊ ಟ್ರಾವೆಲರ್ ಸೇರಿ ಇಪ್ಪತ್ತೈದರ ಮೇಲೆ. ಗುಂಪು ದರ ಬಿಟ್ಟದ್ದಕ್ಕೆ ಮೊದಲೇ ತೆತ್ತದ್ದು ನಲವತ್ತೇಳು ಸಾವಿರ. ಒಟ್ಟು ಒಂದು ಲಕ್ಷದ ಮೂವತ್ತು ಸಾವಿರದ ಮೇಲೆ. ಹೋಟೆಲು, ಊಟದಲ್ಲಿ ಅರ್ಧ ಗಿರಾಕಿಗಳೇ ಕೊಟ್ಟರು, ಹೊರಡುವಾಗಲೇ ಬರೆಸಿಕೊಂಡಿದ್ದೆ. ವಿಮೆ ಇದ್ದವರಿಗೆ ಸ್ವಲ್ಪ ಬಂತು. ಪರ್ವತ ಸಿಡಿದ ಮೇಲೆ ವಿಮೆ ಮಾಡಿಸಿಕೊಡಿ ಅಂತ ಫೋನು ಮಾಡುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಈ ನಡುವೆ ಒಂದು ಅಡ್ಡ ಪ್ರಯೋಗವೂ ಆಯಿತು. 2025ರ ನವೆಂಬರ್ 23ಕ್ಕೆ ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದು, ಆ ಬೂದಿ ಕೆಂಪು ಸಮುದ್ರ ದಾಟಿ ಮರುದಿನ ರಾತ್ರಿ ಗುಜರಾತ್, ರಾಜಸ್ಥಾನ, ದೆಹಲಿ ಕಡೆಗೆ ಬಂತಲ್ಲ, ಆಗ ನಮ್ಮ ಬೀದಿಯಲ್ಲಿ ಸ್ಕೂಟರ್ ಸೀಟಿನ ಮೇಲಿನ ಧೂಳೆಲ್ಲ ಇಥಿಯೋಪಿಯಾದ್ದೇ. ತಾರಸಿಯ ಮೇಲೆ ಎರಡು ಸ್ಟೀಲ್ ತಟ್ಟೆ ತೊಳೆದಿಟ್ಟೆ, ಒಂದಕ್ಕೆ ಎಣ್ಣೆ ಸವರಿ. ಬೆಳಿಗ್ಗೆ ಎಣ್ಣೆ ತಟ್ಟೆಯಲ್ಲಿ ಬೂದುಬಣ್ಣದ ಪುಡಿ! ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುತ್ತಿದ್ದವನನ್ನು ತೋರಿಸಿದಳು. ಬೂದಿ ಇದ್ದದ್ದು ಎಷ್ಟೋ ಸಾವಿರ ಅಡಿ ಮೇಲೆ, ದೂರದ ಉತ್ತರದಲ್ಲಿ. ಆದರೂ ಗಲ್ಫ್‌ಗೆ ಹೋಗಬೇಕಿದ್ದ ಒಂದು ಕುಟುಂಬದ ಟಿಕೆಟನ್ನು ದೆಹಲಿಯ ಮೇಲಿನಿಂದ ಬದಲಾಯಿಸಿ ಒಂದು ದಿನ ಮುಂದಕ್ಕೆ ಹಾಕಿದ್ದೆ. ಆ ಕಡೆಯ ಬುಲೆಟಿನ್ ಫ್ರಾನ್ಸಿನ ಟುಲೂಸ್‌ನಿಂದ ಬರುತ್ತದೆ, ಡಾರ್ವಿನ್‌ನಲ್ಲಿ ಹುಡುಕಿ ಅರ್ಧ ಗಂಟೆ ಹಾಳು ಮಾಡಿಕೊಂಡೆ.

ಕಳೆದ ತಿಂಗಳು, ನನಗೆ ಸುರಬಾಯ ಅಂತ ಹೆಸರಿಟ್ಟವನೇ 38 ಜನರ ಪಟ್ಟಿ ಹಿಡಿದು ಬಂದ. “ಲೋ, ಇದನ್ನ ಎಷ್ಟು ಒಲೆ ಮಾಡ್ತೀಯ ನೋಡು” ಅಂದ. ಕಾಫಿ ಅವನೇ ಕೊಡಿಸಲಿ ಅಂತ ಹೇಳಿ ಪಟ್ಟಿ ತೆಗೆದುಕೊಂಡೆ. ಮೂವತ್ತೊಂದು ಜನ ಎಂಟು ಒಲೆಗೆ ಸಲೀಸಾಗಿ ಕೂತರು. ಉಳಿದ ಏಳು ಜನ ಹಾಸ್ಟೆಲಿನಲ್ಲಿ ಜೊತೆಗೆ ಓದಿದ ಹುಡುಗರು, ಹೋಟೆಲ್ ಊಟದವರು, ಒಲೆಯೇ ಇಲ್ಲ. ಅವರನ್ನು ಯಾವ ಲೆಕ್ಕದಲ್ಲಿ ಒಡೆಯುವುದು ಅಂತ ಇನ್ನೂ ಪಟ್ಟಿ ನನ್ನ ಟೇಬಲ್ ಮೇಲೇ ಇದೆ.