ಕಂಡಕ್ಟರಣ್ಣನ ಟ್ರಂಕು, ನೆಲದೊಳಗಿನ ರೈಲು

ನಮ್ಮ ಕೊಡಗಿನಲ್ಲಿ ರೈಲಿಲ್ಲ. ಹೆಸರಿಗೆ ಒಂದು ಸ್ಟೇಷನ್ ಕೂಡ ಇಲ್ಲ. ರೈಲು ಹತ್ತಬೇಕು ಅಂದ್ರೆ ಈ ಕಡೆ ಮೈಸೂರಿಗೆ ಇಳಿಯಬೇಕು, ಇಲ್ಲಾ ಆ ಕಡೆ ಘಾಟಿ ಇಳಿದು ಕಣ್ಣೂರಿಗೋ ತಲಶ್ಶೇರಿಗೋ ಹೋಗಬೇಕು. ಮೈಸೂರು–ಕುಶಾಲನಗರ ಮಾರ್ಗದ ಮಾತು ಎಷ್ಟೋ ವರ್ಷದಿಂದ ಕೇಳುತ್ತಾ ಇದ್ದೇವೆ. ಕೇಳುತ್ತಲೇ ಇದ್ದೇವೆ. ಇಂಥ ಊರಲ್ಲಿ ಕೂತು ಒಬ್ಬ ಮನುಷ್ಯ ಇಪ್ಪತ್ತು ವರ್ಷ ಪ್ರಪಂಚದ ಮೆಟ್ರೋ ಟಿಕೆಟ್ ಕೂಡಿಹಾಕಿದರು. ಅವರು ತೀರಿಕೊಂಡ ಮೇಲೆ ಅದನ್ನೆಲ್ಲ ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಬರೆಯುತ್ತಿದ್ದೇನೆ. ಮಳೆನಾಡಲ್ಲಿ ಹಳೇ ಕಾಗದ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಅವರು ಮಡಿಕೇರಿ–ಮೈಸೂರು ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು. ನಮಗೆಲ್ಲ ಕಂಡಕ್ಟರಣ್ಣ. ನಾನು ಕಾಲೇಜಿಗೆ ಹೋಗುವಾಗ ಅವರ ಬಸ್ಸಲ್ಲೇ ಹೋಗುತ್ತಿದ್ದೆ. ಒಂದು ದಿನ ನನ್ನ ಕೈಲಿದ್ದ ರೈಲ್ವೆ ಟೈಂಟೇಬಲ್ ನೋಡಿ, ಟಿಕೆಟ್ ಹರಿಯುವುದನ್ನೂ ಬಿಟ್ಟು ಪಕ್ಕದಲ್ಲಿ ಕೂತರು. ಹುಣಸೂರು ಬರುವವರೆಗೂ ಮಾತೋ ಮಾತು. ನನ್ನ ಹುಚ್ಚು ಮಾಮೂಲಿ ರೈಲಿನದ್ದು: ಸಕಲೇಶಪುರ ಘಾಟಿಯ ಸುರಂಗ, ಡೀಸೆಲ್ ಇಂಜಿನ್ ಶಬ್ದ, ಅಷ್ಟೇ. ಅವರದ್ದು ನೆಲದೊಳಗಿನ ರೈಲು. ಯಾಕೆ ಅಂತ ಕೇಳಿದರೆ, "ಮೇಲೆ ಓಡುವುದು ಎಲ್ಲರಿಗೂ ಕಾಣುತ್ತದೆ ಮಾರಾಯ" ಅನ್ನುತ್ತಿದ್ದರು.

ಟಿಕೆಟ್ ಸಿಗುತ್ತಿದ್ದದ್ದು ಬಸ್ಸಲ್ಲೇ. ಕೊಡಗಿನಲ್ಲಿ ಮನೆಗೊಬ್ಬರಾದರೂ ಸೈನ್ಯದಲ್ಲಿ ಇರುತ್ತಾರೆ, ಅಲ್ವಾ? ರಜೆಗೆ ಬರುವ ಜವಾನರ ಜೇಬಲ್ಲಿ ಡೆಲ್ಲಿ, ಕೊಲ್ಕತ್ತಾ ಮೆಟ್ರೋ ಚೀಟಿ. ತೋಟದ ಮನೆಗಳ ಮಕ್ಕಳು ಲಂಡನ್, ನ್ಯೂಯಾರ್ಕ್‌ನಿಂದ ಬರುವಾಗ ಇವರಿಗೆ ಅಂತಲೇ ತರುತ್ತಿದ್ದರು. ಆದರೆ ಒಂದು ಕಟ್ಟುನಿಟ್ಟು ಇತ್ತು. ಇಳಿಯುವಾಗ ಗೇಟಿಗೆ ಹಾಕಬೇಕಾದ ಟೋಕನ್ನನ್ನು ಯಾರಾದರೂ ಜೇಬಿಗಿಳಿಸಿ ತಂದರೆ ಮುಟ್ಟುತ್ತಿರಲಿಲ್ಲ. "ನಾನೂ ಚೆಕಿಂಗ್ ನೋಡಿದವನೇ. ವಾಪಸ್ ಹೋಗುವಾಗ ಹಾಕಿಬಿಡು."

2023ರಲ್ಲಿ, ತುಲಾ ಸಂಕ್ರಮಣ ಕಳೆದು ಹತ್ತು ದಿನಕ್ಕೆ ಹೋಗಿಬಿಟ್ಟರು. ಮುಂದಿನ ಜೂನ್‌ನಲ್ಲಿ ಅಕ್ಕ, ಅಂದರೆ ಅವರ ಹೆಂಡತಿ, ಫೋನ್ ಮಾಡಿದರು. "ಟ್ರಂಕಿನಿಂದ ವಾಸನೆ ಬರ್ತಾ ಉಂಟು. ನೀನು ತಗೊಂಡು ಹೋಗ್ತೀಯೋ, ಒಲೆಗೆ ಹಾಕಲೋ?" ಅಕ್ಕನ ಮಾತೇ ಹಾಗೆ. ಒಲೆಗೆ ಹಾಕುವವರಲ್ಲ ಅಂತ ಗೊತ್ತಿದ್ದರೂ ಮಳೆಯಲ್ಲೇ ಓಡಿದೆ.

ಮಿಲಿಟರಿ ಟ್ರಂಕು. ಮುಚ್ಚಳ ತೆಗೆದರೆ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಸುಮಾರು 300 ಟಿಕೆಟ್, ಒಂದು ಹಿಡಿ ಲೋಹದ ಟೋಕನ್, ಮ್ಯಾಪುಗಳು, ಪೇಪರ್ ಕಟಿಂಗ್, ಜೊತೆಗೆ ಹಳೇ ವೇಬಿಲ್ ತರ ಗೆರೆ ಎಳೆದ ಮೂರು ದಪ್ಪ ನೋಟ್‌ಬುಕ್. ಕಾಗದಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮೊದಲ ಪಾಠ: ಮಳೆಗಾಲದಲ್ಲಿ ಇಂಥ ಕೆಲಸಕ್ಕೆ ಕೈ ಹಾಕಬಾರದು. ಅಂಟಿದ್ದನ್ನು ಅವತ್ತೇ ಬಿಡಿಸಲು ಹೋಗಿ ಪ್ಯಾರಿಸ್ಸಿನ ಎರಡು ಟಿಕೆಟ್ ಹರಿದುಕೊಂಡೆ. ಆಮೇಲೆ ಬುದ್ಧಿ ಬಂತು. ನಮ್ಮಲ್ಲಿ ಬಟ್ಟೆ ಬೀರುವಿನೊಳಗೆ ಬಲ್ಬ್ ಹಾಕಿಡುತ್ತೇವಲ್ಲ, ಹಾಗೆ ಒಂದು ಬೀರು ಖಾಲಿ ಮಾಡಿ, ಕೆಳಗಿನ ಅಂಕಣದಲ್ಲಿ 40 ವ್ಯಾಟಿನ ಹಳೇ ಬಲ್ಬ್ ಉರಿಸಿ, ಮೇಲಿನ ಅಂಕಣಗಳಲ್ಲಿ ಕಾಗದ ಹರಡಿದೆ. ಎಲ್ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಕಾವು ಸಾಲದು. ಬಿಸಿಲಿಗೆ ಇಟ್ಟರೆ ಶಾಯಿ ಮಾಸುತ್ತದೆ, ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ಹಿಡಿಯುತ್ತದೆ. ನಮ್ಮ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಮೂರು ದಿನ ಇದ್ದರೆ ಎರಡು ದಿನ ಇಲ್ಲ. ಅಂತೂ ಡಿಸೆಂಬರ್‌ವರೆಗೆ ಹಾಗೇ ಬಿಟ್ಟೆ. ಕಾಫಿ ಕುಯ್ಲು ಶುರುವಾಗಿ ಗಾಳಿ ಒಣಗಿದ ಮೇಲೆ, ಕಾಗದಗಳು ಬೆರಳು ತಾಗಿಸಿದರೆ ತಾವೇ ಬಿಟ್ಟುಕೊಂಡವು. ಬೂಷ್ಟನ್ನು ಮನೆ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮಕ್ಕಳ ಬಣ್ಣದ ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿದೆ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ.

ಟೋಕನ್ನುಗಳನ್ನು ಅಕ್ಕ ಹುಣಸೆಹುಳಿ ಹಾಕಿ ಉಜ್ಜಿಕೊಡ್ತೇನೆ ಅಂದರು. ಬೇಡ ಅಂತ ಹೇಳಲು ಅರ್ಧ ಗಂಟೆ ಬೇಕಾಯಿತು. ಹಿತ್ತಾಳೆ ಹೊಳೆಯುತ್ತದೆ ನಿಜ, ಅದರ ಮೇಲಿನ ಅಕ್ಷರ ಸವೆದುಹೋಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಬಿಟ್ಟೆ.

ಅದರಲ್ಲಿ ಒಂದು ನ್ಯೂಯಾರ್ಕಿನ ಟೋಕನ್ ಇದೆ. ಹತ್ತು ಪೈಸೆಯಷ್ಟು ಹಗುರ, ನಡುವೆ ವೈ ಅಕ್ಷರ ಕೊರೆದದ್ದು. ಕಂಡಕ್ಟರಣ್ಣನಿಗೆ ಇದೆಂದರೆ ಪ್ರಾಣ. ಯಾಕೆಂದರೆ ಇದರ ಕಥೆ ಪೂರ್ತಿ ಚಿಲ್ಲರೆ ಕಥೆ. 1904ರ ಅಕ್ಟೋಬರ್ 27ಕ್ಕೆ ಅಲ್ಲಿ ನೆಲದೊಳಗಿನ ರೈಲು, ಅಂದರೆ ಸಬ್‌ವೇ ಶುರುವಾದಾಗ ಎಲ್ಲಿಂದ ಎಲ್ಲಿಗೆ ಹೋದರೂ ಐದು ಸೆಂಟ್. ಅದೇ ದರ 1948ರವರೆಗೆ, 44 ವರ್ಷ! ಆಮೇಲೆ ಹತ್ತಾಯಿತು. 1953ರಲ್ಲಿ ಹದಿನೈದು. ಹದಿನೈದು ಸೆಂಟಿಗೆ ಒಂದೇ ನಾಣ್ಯ ಇಲ್ಲ, ಗೇಟಿಗೆ ಎರಡು ನಾಣ್ಯ ಎಣಿಸಲು ಬರುವುದಿಲ್ಲ. ಅದಕ್ಕೇ ಟೋಕನ್ ಮಾಡಿದರು. 2003ರವರೆಗೂ ಟೋಕನ್ ನಡೆಯಿತು. "ನೋಡು, ಅಮೆರಿಕದಲ್ಲೂ ಚಿಲ್ಲರೆ ಜಗಳವೇ" ಅಂತ ಹೇಳುವಾಗ ಅವರ ಮುಖ ನೋಡಬೇಕಿತ್ತು. ದಿನಾ ಚಿಲ್ಲರೆಗೆ ಬೈಸಿಕೊಂಡ ಮನುಷ್ಯನಿಗೆ ಸಿಕ್ಕ ಸಮಾಧಾನ ಅದು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಒಣಗಿದ್ದನ್ನೆಲ್ಲ ನಾನು ಊರು, ವರ್ಷ ನೋಡಿ ಜೋಡಿಸಿದೆ. ಲಂಡನ್ 1863, ಬುಡಾಪೆಸ್ಟ್ 1896, ಪ್ಯಾರಿಸ್ 1900, ಹೀಗೆ. ಚೆಂದ ಕಂಡಿತು. ಎರಡು ವಾರದ ಕೆಲಸ. ಆದರೆ ಪ್ರತಿ ಟಿಕೆಟ್ ಹಿಂದೆ ಸೀಸದಕಡ್ಡಿಯಲ್ಲಿ ಒಂದು ನಂಬರ್, ಪಕ್ಕದಲ್ಲಿ "ಕ" ಅಥವಾ "ಬಿ" ಅಂತ ಬರೆದಿತ್ತು. ಕ ಅಂದರೆ ಕೊಲ್ಕತ್ತಾ ಇರಬೇಕು ಅಂದುಕೊಂಡಿದ್ದೆ. ಹಾಗಾದರೆ ಪ್ಯಾರಿಸ್ ಟಿಕೆಟ್ ಹಿಂದೆ ಕ ಯಾಕೆ? ಕೊನೆಗೆ ಲಂಡನ್ನಿನ ಎರಡು ಹಳೇ ಟಿಕೆಟ್ ಪಕ್ಕಪಕ್ಕ ಸಿಕ್ಕವು. ಬೇಕರ್ ಸ್ಟ್ರೀಟ್ ಸ್ಟೇಷನ್ನಿನದ್ದರ ಹಿಂದೆ ಕ, ಸ್ಟಾಕ್‌ವೆಲ್‌ನದ್ದರ ಹಿಂದೆ ಬಿ. ನೋಟ್‌ಬುಕ್ ತೆರೆದು ನಂಬರ್ ಹುಡುಕಿದೆ. ಅಲ್ಲಿ ಬರೆದಿತ್ತು: ಕಡಂಗ. ಬಿಲ.

ಕೊಡಗಿನವರಿಗೆ ಕಡಂಗ ಏನೆಂದು ಹೇಳಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಹಿಂದೆ ಯುದ್ಧಕ್ಕೆ, ಗಡಿಗೆ ಅಂತ ತೋಡಿದ ಉದ್ದದ ಕಂದಕ, ಈಗಲೂ ಎಷ್ಟೋ ತೋಟದ ನಡುವೆ ಕಾಣುತ್ತವೆ. ಮೊದಲಿನ ಸಬ್‌ವೇಗಳನ್ನು ಕಟ್ಟಿದ್ದೂ ಹಾಗೇ. ರಸ್ತೆ ಅಗೆದು ಕಂದಕ ತೋಡುವುದು, ಅದರಲ್ಲಿ ಹಳಿ ಹಾಕುವುದು, ಮೇಲೆ ಕಮಾನು ಮುಚ್ಚಿ ಮತ್ತೆ ರಸ್ತೆ ಮಾಡುವುದು. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಶುರುವಾದ ಮೊದಲ ಮಾರ್ಗ ಕಡಂಗವೇ, ಸುಮಾರು ಆರು ಕಿ.ಮೀ. ಅದರಲ್ಲಿ ಓಡಿದ್ದು ಹೊಗೆ ಬಿಡುವ ಉಗಿ ಇಂಜಿನ್ನು, ಯೋಚಿಸಿ! ಕೊಲ್ಕತ್ತಾದ 1984ರ ಮೊದಲ ಮಾರ್ಗದಲ್ಲೂ ಹೆಚ್ಚಿನದ್ದು ಕಡಂಗ. ಅದಕ್ಕೇ ಅಲ್ಲಿನ ರಸ್ತೆಗಳು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡಿದ್ದವು.

ಬಿಲ ಅಂದರೆ ಮೇಲಿನ ರಸ್ತೆ ಮುಟ್ಟದೆ ಒಳಗೇ ಕೊರೆದುಕೊಂಡು ಹೋಗುವುದು. ಇದರ ಮೂಲ ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್. ಮರದ ಹಡಗು ಕೊರೆಯುವ ಹುಳು ನೋಡಿ ಅವರಿಗೆ ಕೊರೆಯುವ ಕವಚದ ಉಪಾಯ ಹೊಳೆಯಿತು ಅನ್ನುತ್ತಾರೆ. ಆ ಕವಚ ಇಟ್ಟುಕೊಂಡು ಥೇಮ್ಸ್ ನದಿ ಕೆಳಗೆ ಸುರಂಗ ಮಾಡಿ 1843ರಲ್ಲಿ ಜನರಿಗೆ ತೆರೆದರು. ಈ ಪುಟದ ಅಂಚಿನಲ್ಲಿ ಕಂಡಕ್ಟರಣ್ಣ ಬರೆದದ್ದು ಒಂದೇ ಪದ: "ಕಾಂಡಕೊರಕ." ಅರೇಬಿಕಾ ಕಾಫಿ ಗಿಡ ಇಟ್ಟ ಯಾರಿಗೂ ಆ ಹುಳುವಿನ ಪರಿಚಯ ಬೇಡ. 1890ರಲ್ಲಿ ಸ್ಟಾಕ್‌ವೆಲ್‌ನಿಂದ ಶುರುವಾದ ಮಾರ್ಗ ಆಳದ ಬಿಲದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲನೆಯದು. ಒಳಗೆ ನೋಡಲು ಏನೂ ಇಲ್ಲ ಅಂತ ಡಬ್ಬಿಗಳಿಗೆ ಸರಿಯಾದ ಕಿಟಕಿಯೇ ಇಟ್ಟಿರಲಿಲ್ಲ.

ಹಾಗಾಗಿ ಅವರ ಲೆಕ್ಕದಲ್ಲಿ ಊರು, ವರ್ಷ ಎರಡನೇ ಮಾತು. ಮಣ್ಣನ್ನು ಏನು ಮಾಡಿದರು ಅನ್ನುವುದು ಮೊದಲು. 2018ರ ಮಳೆಯಲ್ಲಿ ಗುಡ್ಡಗಳು ಜಾರಿದ ಮೇಲಂತೂ ಆ ಪುಟಗಳಲ್ಲಿ ಮಣ್ಣಿನ ವಿಷಯವೇ ಜಾಸ್ತಿ. ಅದು ಗೊತ್ತಾದ ರಾತ್ರಿ ನನ್ನ ಚೆಂದದ ಜೋಡಣೆಯನ್ನೆಲ್ಲ ಕಿತ್ತೆ. ಅವರ ನಂಬರ್ ಪ್ರಕಾರವೇ ಇಟ್ಟೆ. ಯಾರದ್ದಾದರೂ ಸಂಗ್ರಹ ನಿಮ್ಮ ಕೈಗೆ ಬಂದರೆ ದಯವಿಟ್ಟು ಮೊದಲು ಟ್ರಂಕಿನಲ್ಲಿ ಹೇಗಿತ್ತೋ ಹಾಗೇ ಫೋಟೋ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ, ನೋಟ್‌ಬುಕ್ ಇಲ್ಲದಿದ್ದರೆ ಕಥೆ ಮುಗಿದಿತ್ತು.

ಇನ್ನೊಂದು ತಪ್ಪು ಹೇಳಲು ಸಂಕಟವಾಗುತ್ತದೆ. 2016ರ ಏಪ್ರಿಲ್ ಕೊನೆಗೆ ಬೆಂಗಳೂರಲ್ಲಿ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟಿ ನೆಲದೊಳಗಿನ ಭಾಗ ತೆರೆಯಿತು. ಮೇ ತಿಂಗಳಲ್ಲಿ ನಾವಿಬ್ಬರೂ ಹೋದೆವು. ಬರೀ ಅದಕ್ಕೇ ಹೋದದ್ದು, ಬೇರೆ ಕೆಲಸ ಇರಲಿಲ್ಲ. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಅವರು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಕಣ್ಣು ಮುಚ್ಚಿ ನಿಂತರು. ರೈಲು ಕಾಣುವ ಮೊದಲು ಸುರಂಗದಿಂದ ಗಾಳಿ ಬರುತ್ತದೆ, ಒಳಗಿನ ಗಾಳಿಯನ್ನು ರೈಲು ತಳ್ಳಿಕೊಂಡು ಬರುವುದರಿಂದ. ಮೊದಲು ಅವರ ಅಂಗಿಯ ಕಾಲರ್ ಅಲುಗಿತು, ಆಮೇಲೆ ತಲೆಯ ನಾಲ್ಕು ಬಿಳಿ ಕೂದಲು ಎದ್ದವು, ಆಮೇಲೆ ಹಳಿ ಕುಂಯ್ ಅಂದಿತು. "ಬಂತು" ಅಂದರು, ಕಣ್ಣು ತೆರೆಯದೆ. ಗಾರ್ಡು ಹಳದಿ ಗೆರೆ ಹಿಂದೆ ನಿಲ್ಲಿ ಅಂತ ಬೈದ. ಆವತ್ತು ಆರು ಸಲ ಆ ಕಡೆ ಈ ಕಡೆ ಓಡಾಡಿದೆವು. ಬೆಂಗಳೂರಿನ ಉತ್ತರ–ದಕ್ಷಿಣ ಸುರಂಗ ಕೊರೆದ ಯಂತ್ರಗಳಲ್ಲಿ ಒಂದರ ಹೆಸರು ಕಾವೇರಿ ಅಂತ ಅವರೇ ಹೇಳಿದ್ದು. ತಲಕಾವೇರಿಯಲ್ಲಿ ಹುಟ್ಟಿ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆ ಬರುತ್ತಾಳೆ ಅಂತ ನಮ್ಮಲ್ಲಿ ನಂಬಿಕೆ ಇದೆಯಲ್ಲ, ಹಾಗಾಗಿ ಹೆಸರು ಇಟ್ಟವರಿಗೆ ಫುಲ್ ಮಾರ್ಕ್ಸ್ ಕೊಟ್ಟರು.

ಆವತ್ತು ಕಾರ್ಡಿಗೆ ದುಡ್ಡು ಹಾಕಿಸಿದ ರಸೀದಿ ಟ್ರಂಕಿನಲ್ಲಿತ್ತು. ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್ ಮೆಷಿನ್ನಿಗೆ ಹಾಕಿದೆ. ಹೊರಗೆ ಬಂದದ್ದು ಕಪ್ಪು ಹಾಳೆ. ಅದು ಥರ್ಮಲ್ ಕಾಗದ, ಬಿಸಿ ತಾಗಿದ ಕಡೆಯೆಲ್ಲ ಕಪ್ಪಾಗುವುದೇ ಅದರ ಗುಣ. ಪ್ರಿಂಟ್ ಆಗುವುದೂ ಬಿಸಿಯಿಂದಲೇ. ಬಸ್ಸಿನ ಮೆಷಿನ್ ಟಿಕೆಟ್ ಕೂಡ ಅದೇ ಜಾತಿ. ಇಷ್ಟು ವರ್ಷ ಕಂಡಕ್ಟರ್ ಜೊತೆ ಇದ್ದೂ ನನಗೆ ಹೊಳೆಯಲಿಲ್ಲ. ಕೈಲಿ ಹಿಡಿದುಕೊಂಡು ಸುಮ್ನೆ ಕೂತೆ.

ಆದರೆ ಅವರಿಗೆ ಗೊತ್ತಿತ್ತು. ಮೆಷಿನ್ ಟಿಕೆಟ್ ಕೆಲವು ತಿಂಗಳಲ್ಲಿ ಬಿಳಿ ಕಾಗದ ಆಗುತ್ತದೆ ಅಂತ ಯಾವಾಗಲೂ ಗೊಣಗುತ್ತಿದ್ದವರು. ಮೂರನೇ ನೋಟ್‌ಬುಕ್ಕಿನಲ್ಲಿ ಆ ರಸೀದಿಯ ಪ್ರತಿ ಸಾಲನ್ನೂ ಪೆನ್ನಿನಲ್ಲಿ ನಕಲು ಮಾಡಿದ್ದರು, ಸಮಯ, ಮೊತ್ತ ಎಲ್ಲ. ಕೆಳಗೆ "ಜೊತೆಗೆ ಹುಡುಗ. ಆರು ಟ್ರಿಪ್." ಹುಡುಗ ಅಂದರೆ ನಾನು. ನನಗಾಗ ಮೂವತ್ತೆಂಟು.

ಜನವರಿಯಲ್ಲಿ ಒಂದು ಭಾನುವಾರ ನಮ್ಮೂರಿನ ಗ್ರಂಥಾಲಯದ ಹಾಲಿನಲ್ಲಿ ನಾಲ್ಕು ಮೇಜು ಜೋಡಿಸಿ ಎಲ್ಲವನ್ನೂ ಇಟ್ಟೆವು. ಒಂದು ಕಡೆ ಕಡಂಗ, ಇನ್ನೊಂದು ಕಡೆ ಬಿಲ. ಸೆಲ್ಲೋಟೇಪ್ ಮುಟ್ಟಲಿಲ್ಲ, ಬರೀ ಫೋಟೋ ಕಾರ್ನರ್. ಕಪ್ಪಾದ ರಸೀದಿಯನ್ನೂ ಇಟ್ಟೆ, ಪಕ್ಕದಲ್ಲಿ ನೋಟ್‌ಬುಕ್ ತೆರೆದು. ಜನ ಜಾಸ್ತಿ ಬರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಅವರ ಬಸ್ಸಿನ ಹಳೇ ಪ್ಯಾಸೆಂಜರ್‌ಗಳು. "ಈ ಟಿಕೆಟ್ ನಾನೇ ತಂದುಕೊಟ್ಟದ್ದು" ಅಂತ ಒಬ್ಬ ನಿವೃತ್ತ ಸುಬೇದಾರರು ಕೊಲ್ಕತ್ತಾದ ಚೀಟಿ ಎದುರು ಹತ್ತು ನಿಮಿಷ ನಿಂತರು.

ಲಂಡನ್ ಪುಟದಲ್ಲಿ ಚಾರ್ಲ್ಸ್ ಪಿಯರ್ಸನ್ ಅಂತ ಒಂದು ಹೆಸರಿಗೆ ಕಂಡಕ್ಟರಣ್ಣ ಎರಡು ಸಲ ಗೆರೆ ಎಳೆದಿದ್ದಾರೆ. ಲಂಡನ್ನಿಗೆ ನೆಲದೊಳಗೆ ರೈಲು ಬೇಕು ಅಂತ ವರ್ಷಗಟ್ಟಲೆ ಬಡಿದಾಡಿದ ವಕೀಲರು. 1862ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ರೈಲು ಓಡಲು ನಾಲ್ಕು ತಿಂಗಳೂ ಇರಲಿಲ್ಲ. ನಮ್ಮವರು ಕಾಯುತ್ತಿದ್ದದ್ದು ಕೊಲ್ಕತ್ತಾದ ಹೂಗ್ಲಿ ನದಿ ಕೆಳಗಿನ ಮೆಟ್ರೋಗೆ. ಅದು ಜನರಿಗೆ ತೆರೆದದ್ದು 2024ರ ಮಾರ್ಚ್ 15. ಮೂರನೇ ನೋಟ್‌ಬುಕ್ಕಿನಲ್ಲಿ ಅದಕ್ಕೆ ನಂಬರ್ ಹಾಕಿ, "ಬಿ" ಬರೆದು, ಉಳಿದದ್ದು ಖಾಲಿ ಬಿಟ್ಟಿದ್ದರು.

ಆ ಖಾಲಿ ಗೆರೆಯನ್ನು ಪಕ್ಕದ ಮನೆಯ ಹುಡುಗ ಭಾನುವಾರ ನೋಡಿಕೊಂಡು ಹೋಗಿದ್ದ. ಸೈನ್ಯದಲ್ಲಿ ಇದ್ದಾನೆ, ಆಗ ರಜೆ ಮೇಲೆ ಬಂದಿದ್ದ. ಮುಂದಿನ ರಜೆಗೆ ಬಂದಾಗ ಒಂದು ಕವರಿನಲ್ಲಿ ಟಿಕೆಟ್ ಹಾಕಿ ಅಕ್ಕನ ಮನೆಗೇ ಕೊಟ್ಟು ಹೋದ. ಅಕ್ಕ ಫೋನ್ ಮಾಡಿದರು, ನಾನು ಪೆನ್ನು ತೆಗೆದುಕೊಂಡು ಹೋದೆ. ಈ ಸಲ ಲ್ಯಾಮಿನೇಷನ್ ಇಲ್ಲ. ಅಡುಗೆಮನೆ ಮೇಜಿನ ಮೇಲೆ ಕೂತು ಮೊದಲು ನಕಲು: ಹೌರಾ ಮೈದಾನ–ಎಸ್‌ಪ್ಲನೇಡ್, 4.8 ಕಿ.ಮೀ., ನದಿ ಕೆಳಗೆ 520 ಮೀಟರ್.

ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಅಕ್ಷರ ಅವರದ್ದರಷ್ಟು ಚೆಂದ ಇಲ್ಲ" ಅಂದರು. "ಇರಲಿ. ಕಾಫಿ ತಣ್ಣಗಾಗ್ತದೆ, ಕುಡಿ."