ಕೇಳಿದರೆ ಹೇಳುತ್ತೇನೆ, ನಗುತ್ತಾ ಹೇಳುತ್ತೇನೆ

ಉಡುಪಿಯ ಹತ್ತಿರದ ಊರೊಂದರಲ್ಲಿ ನಾನು ಹೈಸ್ಕೂಲ್ ಟೀಚರ್ ಆಗಿದ್ದೆ. ಈಗ ನಿವೃತ್ತಿಯಾಗಿದೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ. ಸಭೆಯ ಹುಡುಗರು ಆಗಾಗ ಕೇಳುವುದುಂಟು: "ಟೀಚರ್, ನೀವು ಎಲ್ಲರ ಹತ್ರ ಯೇಸುವಿನ ವಿಷಯ ಮಾತಾಡ್ತೀರಿ. ಆದ್ರೂ ಯಾರಿಗೂ ಸಿಟ್ಟು ಬರುದಿಲ್ಲ. ಹೇಗೆ?" ನಾನು ಮಾಡಿಕೊಂಡು ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮಾತನ್ನು ನಾನಾಗಿ ಎತ್ತುವುದಿಲ್ಲ. ನಿಮ್ಮ ನಿರೀಕ್ಷೆಗೆ ಆಧಾರ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕರಾಗಿ ಹೇಳಿ ಅಂತ ಬೈಬಲಿನಲ್ಲಿ, ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿದೆ, 3:15. ಅಂದರೆ ಪ್ರಶ್ನೆ ಮೊದಲು ಬರಬೇಕು. ಜೊತೆಯಲ್ಲಿ ಬದುಕುತ್ತಿದ್ದರೆ ಜನ ಕೇಳಿಯೇ ಕೇಳುತ್ತಾರೆ. ನಿಮ್ಮಲ್ಲಿ ಜಾತಕ ನೋಡುದಿಲ್ವಾ? ಸತ್ತವರನ್ನು ಯಾಕೆ ಹೂಳ್ತೀರಿ? ಶುಭ ಶುಕ್ರವಾರ ಅಂತೀರಿ, ಮತ್ತೆ ಅವತ್ತೇ ಯಾಕೆ ಉಪವಾಸ, ಬೇಸರ? ಕಂಪೌಂಡಿನ ಆಚೆ ನಿಂತು, ಬಸ್ಸಿಗೆ ಕಾಯುವಾಗ, ಬಂಗುಡೆ ರೇಟು ಮಾತಾಡುವಾಗ ಇಂಥ ಪ್ರಶ್ನೆ ಬರುತ್ತವೆ. ಕೇಳಿದಷ್ಟಕ್ಕೆ ಹೇಳುತ್ತೇನೆ, ಆಮೇಲೆ "ನಿಮ್ಮಲ್ಲಿ ಹೇಗೆ?" ಅಂತ ಕೇಳಿ ಸುಮ್ಮನೆ ಕೂರುತ್ತೇನೆ. ಈ ಕೇಳುವ ಭಾಗವೇ ಜಾಸ್ತಿ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

1907ರಲ್ಲಿ ಭಾರತಕ್ಕೆ ಬಂದ ಮೆಥೊಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಬೇರೆ ಬೇರೆ ಧರ್ಮದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದರು. ವಾದ ಮಾಡುವ ಹಾಗಿಲ್ಲ. ಇನ್ನೊಬ್ಬರ ಧರ್ಮವನ್ನು ಹಳಿಯುವ ಹಾಗಿಲ್ಲ. ನನ್ನ ನಂಬಿಕೆ ನನ್ನ ಬದುಕಿನಲ್ಲಿ ಏನು ಮಾಡಿದೆ ಅಂತ ಹೇಳಬೇಕು, ಅಷ್ಟೇ. ನಮ್ಮ ಮನೆಯ ಜಗಲಿಯಲ್ಲೂ ಅದೇ ನಿಯಮ.

ಇನ್ನೊಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕಷ್ಟದಲ್ಲಿರುವವರ ಹತ್ತಿರ ಧರ್ಮದ ಮಾತು ತೆಗೆಯಬಾರದು. ಆಸ್ಪತ್ರೆಯ ಹಾಸಿಗೆಯಲ್ಲಿ ಇರುವವರಿಗೆ, ಸಾಲದಲ್ಲಿ ಮುಳುಗಿದವರಿಗೆ, ಮಗಳ ಮದುವೆ ಮುರಿದು ಕೂತವರಿಗೆ "ಬೇಡ" ಅನ್ನುವ ಶಕ್ತಿ ಇರುವುದಿಲ್ಲ. ಬೇಡ ಅನ್ನಲು ಆಗದವರಿಂದ ಬಂದ "ಆಯ್ತು" ಯೇಸುವಿಗೆ ಬೇಕಾಗಿಲ್ಲ. ಗಂಜಿ ತೆಗೆದುಕೊಂಡು ಹೋದರೆ ಗಂಜಿ ಮಾತ್ರ. ಪಾತ್ರೆಯ ಜೊತೆ ಕರಪತ್ರ ಇಲ್ಲ. ಅಪ್ಪ ಅಮ್ಮ ತಾವಾಗಿ ಹೇಳದೆ ಯಾರ ಮಗುವನ್ನೂ ಸಂಡೇ ಸ್ಕೂಲಿಗೆ ಕರೆಯುವುದಿಲ್ಲ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ, ವರ್ಲ್ಡ್ ಇವಾಂಜೆಲಿಕಲ್ ಅಲಯನ್ಸ್ ಮೂರೂ ಸೇರಿ, ಮೋಸ, ಒತ್ತಾಯ, ಆಮಿಷ ಯಾವುದೂ ಕೂಡದು ಅಂತ ಒಂದು ಹೇಳಿಕೆ ಹೊರಡಿಸಿದವು. ಒಬ್ಬರಿಗೊಬ್ಬರು ಅಷ್ಟು ಸುಲಭಕ್ಕೆ ಒಪ್ಪದ ಸಭೆಗಳು ಇದನ್ನು ಒಪ್ಪಿದ್ದು ನನಗೆ ದೊಡ್ಡ ಸಂಗತಿ. ಆದರೂ ನನಗೆ ಕಾನೂನಿಗಿಂತ ಹತ್ತಿರದ್ದು ಲೂಕನ ಸುವಾರ್ತೆಯ 9ನೇ ಅಧ್ಯಾಯ. ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಒಳಗೆ ಬಿಡುವುದಿಲ್ಲ. ಯಾಕೋಬ, ಯೋಹಾನ ಇಬ್ಬರೂ "ಆಕಾಶದಿಂದ ಬೆಂಕಿ ಬೀಳಲಿ ಅಂತ ಹೇಳೋಣವಾ?" ಅಂತ ಕೇಳುತ್ತಾರೆ. ಯೇಸು ಗದರಿಸಿದ್ದು ಹಳ್ಳಿಯವರನ್ನಲ್ಲ, ಈ ಶಿಷ್ಯರನ್ನು. ಆಮೇಲೆ ಬೇರೆ ಹಳ್ಳಿಗೆ ಹೋದರು.

ನೆರೆಮನೆಯ ಹುಡುಗಿಯ ಅಮ್ಮ ಒಮ್ಮೆ ಐಸಿಯುನಲ್ಲಿ ಇದ್ದರು. ನಾನು ಹೊರಗಿನ ಬೆಂಚಿನಲ್ಲಿ ಅವಳ ಜೊತೆ ಕೂತಿದ್ದೆ. ಚಹಾ ತಂದುಕೊಟ್ಟೆ, ಫೋನ್ ಚಾರ್ಜರ್ ಹುಡುಕಿದೆ. ಸಂಜೆಯ ಹೊತ್ತಿಗೆ ಅವಳೇ ಹೇಳಿದಳು, "ಟೀಚರ್, ನಿಮ್ಮ ದೇವರ ಹತ್ರ ಒಂದು ಮಾತು ಹೇಳಿ." ಅವಳ ಕೈ ಹಿಡಿದು, ಅವಳಿಗೆ ಅರ್ಥವಾಗುವ ತುಳುವಿನಲ್ಲಿ ನಾಲ್ಕು ಮಾತಿನ ಪ್ರಾರ್ಥನೆ ಮಾಡಿದೆ. ಅಮ್ಮ ಮನೆಗೆ ಬಂದ ಮೇಲೆ ಅವರು ಕಟೀಲು ದೇವಸ್ಥಾನಕ್ಕೆ ಹೋಗಿ ಹರಕೆ ಸಲ್ಲಿಸಿದರು. ನಮ್ಮ ಸಭೆಯ ಒಬ್ಬರು "ನಿಮ್ಮ ಪ್ರಾರ್ಥನೆ ವ್ಯರ್ಥ ಆಯ್ತಲ್ಲ" ಅಂದರು. ಯಾಕೆ ವ್ಯರ್ಥ? ಅವಳು ಅಮ್ಮನಿಗಾಗಿ ಕೇಳಿದ್ದಳು, ನಾನು ಅವಳ ಅಮ್ಮನಿಗಾಗಿ ಪ್ರಾರ್ಥಿಸಿದೆ. ಅದಕ್ಕೆ ಬದಲಾಗಿ ಏನಾದರೂ ಬರಬೇಕು ಅಂತಿದ್ದರೆ ಅದು ಪ್ರಾರ್ಥನೆ ಅಲ್ಲ, ವ್ಯಾಪಾರ.

ಈಗ ನಗುವಿನ ವಿಷಯ. ಬೈಬಲಿನಲ್ಲಿ ನಗು ಬೇಕಾದಷ್ಟಿದೆ. ನಾವು ಅದನ್ನು ಮುಖ ಗಂಟು ಹಾಕಿಕೊಂಡು ಓದುತ್ತೇವೆ ಅಷ್ಟೇ. ನಿನ್ನ ಕಣ್ಣಿನಲ್ಲೇ ತೊಲೆ ಇರುವಾಗ ಇನ್ನೊಬ್ಬನ ಕಣ್ಣಿನ ರವೆಯಷ್ಟು ಕಸ ತೆಗೆಯಲು ಹೊರಟಿದ್ದೀಯಾ ಅಂತ ಯೇಸು ಕೇಳಿದಾಗ ಅಲ್ಲಿದ್ದ ಜನ ಖಂಡಿತ ನಕ್ಕಿರುತ್ತಾರೆ. ಸೊಳ್ಳೆ ಸೋಸಿ ಒಂಟೆ ನುಂಗುವವರು ಅಂದದ್ದೂ ಹಾಗೆಯೇ. ಊರೂರಿಗೆ ಹೋಗಿ ಯೇಸುವನ್ನು ಸಾರಿದ ಪೌಲ ಮಧ್ಯರಾತ್ರಿಯವರೆಗೆ ಪ್ರಸಂಗ ಮಾಡಿದ್ದಕ್ಕೆ ಯೂತಿಖ ಅನ್ನುವ ಹುಡುಗ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ಅಪ್ಪಿಕೊಂಡು, ಜೀವ ಇದೆ ಅಂದು, ಮೇಲೆ ಬಂದು ಊಟ ಮಾಡಿ, ಬೆಳಗಿನವರೆಗೆ ಮತ್ತೆ ಮಾತಾಡಿದ! ಈ ಕಥೆ ಹೇಳಿದರೆ ನಗದವರಿಲ್ಲ. ನಕ್ಕ ಮೇಲೆ "ಪೌಲ ಅಂದ್ರೆ ಯಾರು?" ಅಂತ ಅವರೇ ಕೇಳುತ್ತಾರೆ.

ನಮ್ಮ ಓಣಿಯಲ್ಲಿ ಒಬ್ಬರು ತಾಳಮದ್ದಲೆಯ ಅರ್ಥಧಾರಿ ಇದ್ದಾರೆ, ಹಳೆಯ ಮಾಷ್ಟ್ರು. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ; ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತು ಪಾತ್ರದ ಮಾತು ಆಡುತ್ತಾರೆ. ಮಾಷ್ಟ್ರಿಗೆ ಒಂದು ಮಳೆಗಾಲದ ಸಂಜೆ ಬೈಬಲಿನ ಪ್ರವಾದಿ ಯೋನನ ಕಥೆ ಹೇಳಿದೆ. ದೇವರು ಯೋನನಿಗೆ, ಶತ್ರುಗಳ ಊರಾದ ನಿನೆವೆಗೆ ಹೋಗಿ ಎಚ್ಚರಿಕೆ ಕೊಡು ಅನ್ನುತ್ತಾನೆ. ಇವನು ತಿರುಗಿ ಬೇರೆ ದಿಕ್ಕಿಗೆ ಹಡಗು ಹತ್ತುತ್ತಾನೆ. ಬಿರುಗಾಳಿ ಎದ್ದು ಹಡಗಿನವರೆಲ್ಲ ಅವರವರ ದೇವರನ್ನು ಕೂಗುತ್ತಿದ್ದರೆ ಪ್ರವಾದಿ ಕೆಳಗೆ ಗಾಢ ನಿದ್ದೆಯಲ್ಲಿದ್ದಾನೆ. ಮೀನಿನ ಹೊಟ್ಟೆಯಿಂದ ಹೊರಬಿದ್ದು ಕೊನೆಗೂ ನಿನೆವೆಗೆ ಹೋಗಿ ಸಾರುತ್ತಾನೆ. ಊರಿಗೆ ಊರೇ ಮನಸ್ಸು ಬದಲಾಯಿಸುತ್ತದೆ. ದನಕರುಗಳಿಗೂ ಗೋಣಿತಟ್ಟು ಹೊದಿಸುತ್ತಾರೆ. ದೇವರು ಕ್ಷಮಿಸುತ್ತಾನೆ. ಆಗ ಯೋನನಿಗೆ ಬಂತು ನೋಡಿ ಸಿಟ್ಟು, ಇವರನ್ನೆಲ್ಲ ಯಾಕೆ ಬಿಟ್ಟೆ ಅಂತ.

ಮಾಷ್ಟ್ರು ಹೊಟ್ಟೆ ಹಿಡಿದು ನಕ್ಕರು. "ಎಂತ ಮಾರಾಯ್ರೆ ಟೀಚರೇ, ಹೇಳಿದ ಕೆಲಸ ಗೆದ್ದದ್ದಕ್ಕೇ ಸಿಟ್ಟಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ದೇವರು ಅವನ ಲೆಕ್ಕಕ್ಕಿಂತ ದೊಡ್ಡವ ಅಂತ ಆಯ್ತು" ಅಂದರು. ನಾನು ಗಂಟೆಗಟ್ಟಲೆ ಹೇಳಿದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ನಗುವಿಗೂ ಗೆರೆ ಇದೆ. ನಮ್ಮ ಪ್ರವಾದಿಗಳು, ನಮ್ಮ ಅಪೊಸ್ತಲರು ಎಡವಿದ್ದನ್ನು ನೋಡಿ ನಗಬಹುದು. ಇನ್ನೊಬ್ಬರ ದೇವರ ಬಗ್ಗೆ, ಪೂಜೆಯ ಬಗ್ಗೆ, ದೈವದ ಬಗ್ಗೆ ತಮಾಷೆ ಮಾಡುವ ಹಾಗೇ ಇಲ್ಲ. ನಮ್ಮ ಸಂಡೇ ಸ್ಕೂಲಿನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಅಲ್ಲೇ ನಿಲ್ಲಿಸಿ ಮೊಗ್ಲಿಂಗರ ವಿಷಯ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಜಾತ್ರೆಯ ನಡುವೆ ನಿಂತು ವಿಗ್ರಹಗಳ ವಿರುದ್ಧ ಬೋಧಿಸಿದವರು ಇದ್ದರು. ಹೆರ್ಮನ್ ಮೊಗ್ಲಿಂಗರೂ ಮಿಷನರಿಯೇ, ಯೇಸುವನ್ನು ಸಾರಲೆಂದೇ ಬಂದವರು. ಆದರೆ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಅದೇ ವ್ಯಕ್ತಿ ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದರು. ಜನ ಏನು ಹಾಡುತ್ತಾರೆ ಅಂತ ತಿಳಿದುಕೊಳ್ಳಲು ಅಷ್ಟು ಕಷ್ಟಪಟ್ಟರು. ಜಾತ್ರೆಯಲ್ಲಿ ಮಾಡಿದ ಬೋಧನೆ ಯಾರಿಗೂ ನೆನಪಿಲ್ಲ. ಮೊಗ್ಲಿಂಗರ ಹೆಸರನ್ನು ಇವತ್ತಿಗೂ ಕನ್ನಡದವರು ಪ್ರೀತಿಯಿಂದ ಹೇಳುತ್ತಾರೆ, ಆ ಪತ್ರಿಕೆ ಹೊರಬಂದ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುತ್ತಾರೆ.

ಕ್ರಿಸ್ಮಸ್‌ಗೆ ಓಣಿಯ ಎಲ್ಲ ಮನೆಗೂ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಕೊಡುತ್ತೇವೆ. ಇದರಲ್ಲೂ ಒಂದು ಗಮನ ಬೇಕು. ಕೇಕ್, ಗುಲಾಬಿ ಹೂವಿನ ಆಕಾರದ ಕೊಕ್ಕಿಸ್, ಇವುಗಳಲ್ಲಿ ಮೊಟ್ಟೆ ಇರುತ್ತದೆ. ಸಸ್ಯಾಹಾರಿ ಮನೆಗಳಿಗೆ ಬೇರೆ ಎಣ್ಣೆಯಲ್ಲಿ ಕರಿದ ಚಕ್ಕುಲಿ, ಎಳ್ಳುಬೆಲ್ಲ ತುಂಬಿದ ನೆವ್ರಿ, ಎಳ್ಳುಂಡೆ ಬೇರೆ ತಟ್ಟೆಯಲ್ಲಿ. ಕೊಡುವಾಗಲೇ ಹೇಳಿಬಿಡುತ್ತೇನೆ, "ಇದಕ್ಕೆ ಮೊಟ್ಟೆ ಮುಟ್ಟಿಲ್ಲ." ಅವರು ನಂಬುತ್ತಾರೆ. ಆ ನಂಬಿಕೆ ಸುಮ್ನೆ ಬರುವುದಿಲ್ಲ. ನನಗೂ ಪ್ರಸಾದದ ವಿಷಯದಲ್ಲಿ ನನ್ನದೇ ಮನಸ್ಸಾಕ್ಷಿ ಇದೆ, ನಾನು ತಿನ್ನುವುದಿಲ್ಲ. ಅದನ್ನು ಯಾವತ್ತೋ ನಗುತ್ತಲೇ ಹೇಳಿದ್ದೇನೆ. ಅವರೂ ಬೇಜಾರು ಮಾಡದೆ ಅದರ ಬದಲು ಶಂಕರಪುರ ಮಲ್ಲಿಗೆಯ ಒಂದು ಚೆಂಡು ಕೊಡುತ್ತಾರೆ. ಆ ಮಲ್ಲಿಗೆಯನ್ನು ಎಷ್ಟೋ ಕ್ರೈಸ್ತ ಮನೆಗಳವರು ಬೆಳೆಯುತ್ತಾರೆ, ಅದು ದೇವಸ್ಥಾನಗಳಿಗೆ ಹೋಗುತ್ತದೆ. ನಮ್ಮ ಊರು ಇರುವುದೇ ಹೀಗೆ.

ಎಷ್ಟು ಜನ ಬದಲಾದರು ಅಂತ ಕೇಳುವವರಿದ್ದಾರೆ. ನಾನು ಆ ಲೆಕ್ಕ ಇಡುವುದಿಲ್ಲ, ಮನಸ್ಸು ತಿರುಗಿಸುವುದು ದೇವರ ಕೆಲಸ. ಕೇಳಿದವರಿಗೆ ಯೇಸುವಿನ ವಿಷಯ ಪ್ರೀತಿಯಿಂದ ಹೇಳುವುದು ನನ್ನ ಕೆಲಸ. ಅದನ್ನು ಸಂತೋಷದಿಂದ ಮಾಡುತ್ತೇನೆ, ಮುಚ್ಚಿಟ್ಟುಕೊಂಡು ಅಲ್ಲ.

ಈ ಮಳೆಗಾಲದಲ್ಲಿ ಯೋನನ ಕಥೆಯನ್ನು ತಾಳಮದ್ದಲೆ ಮಾಡುವ ಅಂತ ಮಾಷ್ಟ್ರು ಹೇಳಿದ್ದಾರೆ. ಯೋನ ಅವರೇ. ನಿನೆವೆಯ ರಾಜನ ಅರ್ಥ ನಮ್ಮ ಸಭೆಯ ಒಬ್ಬ ಹುಡುಗ ಹೇಳುತ್ತಾನೆ. ಹಡಗಿನ ನಾವಿಕನಿಗೆ ಹಾಸ್ಯದವರು ಬೇಕು, ಹುಡುಕುತ್ತಿದ್ದೇವೆ. ದೇವರ ಪಾತ್ರ ಯಾರಿಗೆ ಅಂತ ನಾನು ಕೇಳಿದೆ. "ಅದನ್ನು ಯಾರೂ ಮಾಡುದು ಬೇಡ ಟೀಚರೇ, ಭಾಗವತರ ಪದದಲ್ಲೇ ಬರಲಿ" ಅಂದರು. ಪದ ಬರೆಯುವ ಕೆಲಸ ನನಗೆ ಬಂದಿದೆ.